ತಾಯಿ ಮರ ನೋಡಿದ್ರೆ ಸಾಕಾ? ಅಡಿಕೆ ಸಸಿಯಿಂದ ರಕ್ತಪರೀಕ್ಷೆವರೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈಗ ಯಾವ ಮದುವೆಮನೆ ಪಂಕ್ತಿಯಲ್ಲಿ ಕೂತರೂ ಮಾತು ಬಂದು ನಿಲ್ಲುವುದು ಅಡಿಕೆ ಸಸಿ ಮೇಲೇ. ಎಲೆಚುಕ್ಕಿ ರೋಗ ಬಂದು ಸೋಗೆ ಸುಟ್ಟ ತೋಟಕ್ಕೆ ಹೊಸ ಸಸಿ ಹಾಕಬೇಕು. ಮರ ಹತ್ತಿ ಕೊನೆ (ಅಡಿಕೆ ಗೊನೆ) ಕೊಯ್ಯುವ ಕೊನೆಗೌಡರು ಸಿಗುತ್ತಿಲ್ಲ, ಹಾಗಾಗಿ ಗಿಡ್ಡ ತಳಿ ಆದರೆ ಒಳ್ಳೆಯದು. ಫಸಲೂ ಬೇಗ ಬರಬೇಕು. ಸಸಿ ಮಾರುವವರ ಬಳಿ ಇದಕ್ಕೆಲ್ಲ ಒಂದೇ ಉತ್ತರ ಇರುತ್ತದೆ: "ತಾಯಿ ಮರ ನೋಡ್ಕಂಡು ಬನ್ನಿ ಮಾರಾಯ್ರೆ, ಆಮೇಲೆ ಮಾತಾಡಿ."

ಇದೇ ಹೊತ್ತಿಗೆ ದೇಶದ ಬುಡಕಟ್ಟು ಪ್ರದೇಶಗಳಲ್ಲಿ ಇನ್ನೊಂದು ಕೆಲಸ ನಡೆದಿದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ರಕ್ತಹೀನತೆ (ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ) ನಿರ್ಮೂಲನಾ ಕಾರ್ಯಕ್ರಮ ಶುರು ಮಾಡಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡುವುದು, 2047ರೊಳಗೆ ರೋಗ ಇಲ್ಲವಾಗಿಸುವುದು ಗುರಿ. ಕರ್ನಾಟಕವೂ ಈ ಕಾರ್ಯಕ್ರಮದ ರಾಜ್ಯಗಳ ಪಟ್ಟಿಯಲ್ಲಿದೆ. ಪರೀಕ್ಷೆ ಏನೋ ಆಗುತ್ತದೆ. ಕೈಗೆ ಬಂದ ಚೀಟಿಯಲ್ಲಿ 'ವಾಹಕ' (ರೋಗಿ ಅಲ್ಲ, ರೋಗದ ಅಂಶವನ್ನು ಒಳಗೆ ಹೊತ್ತವರು) ಅಂತ ಬರೆದಿದ್ದರೆ ಮನೆಯವರಿಗೆ ಕಾಲಡಿಯ ನೆಲ ಕುಸಿದ ಹಾಗಾಗುತ್ತದೆ. ಹುಡುಗಿಗೆ ಮದುವೆ ಆಗುತ್ತೋ ಇಲ್ಲವೋ ಅನ್ನುವ ಚಿಂತೆ ಅಂದಿನಿಂದಲೇ ಶುರು.

ಸಸಿ ಕೊಳ್ಳುವವರು ಮಾಡುವ ತಪ್ಪೂ ವಾಹಕ ಅಂದ ಕೂಡಲೇ ಹೆದರುವವರು ಮಾಡುವ ತಪ್ಪೂ ಒಂದೇ ಅಂತ ನನಗನ್ನಿಸುತ್ತದೆ. ಕಣ್ಣಿಗೆ ಕಂಡದ್ದೇ ಮುಂದಿನ ತಲೆಮಾರಿಗೆ ಹೋಗುತ್ತದೆ ಅಂತ ನಾವು ನಂಬಿಬಿಟ್ಟಿದ್ದೇವೆ. ಅದು ಹಾಗಿಲ್ಲ.

ಮೊದಲು ಅಡಿಕೆ ನೋಡೋಣ. ಹಾಳೆ ಬಿಚ್ಚಿ ಹೊರಬಂದ ಸಿಂಗಾರವನ್ನು (ಅಡಿಕೆಯ ಹೂಗೊಂಚಲು) ಒಮ್ಮೆ ಹತ್ತಿರದಿಂದ ನೋಡಿ. ಎಳೆಗಳ ಉದ್ದಕ್ಕೂ ತುದಿವರೆಗೆ ಅಕ್ಕಿಕಾಳಿನಷ್ಟು ಸಣ್ಣ ಹೂ ಸಾವಿರಗಟ್ಟಲೆ ಇರುತ್ತವೆ, ಅವು ಗಂಡು. ಎಳೆಯ ಬುಡದಲ್ಲಿ ದಪ್ಪಗೆ ಮೊಗ್ಗಿನ ಹಾಗೆ ಕೂತವು ಹೆಣ್ಣು, ಮುಂದೆ ಅಡಿಕೆ ಆಗುವುದು ಅವೇ. ಗಂಡು ಹೂ ಮೊದಲು ಅರಳಿ ಉದುರುತ್ತವೆ. ಹೆಣ್ಣು ಹೂ ಬಾಯಿ ಬಿಡುವುದು ಆಮೇಲೆ. ಅಷ್ಟರಲ್ಲಿ ಅದೇ ಸಿಂಗಾರದ ಪರಾಗ ಹೆಚ್ಚುಕಡಿಮೆ ಮುಗಿದಿರುತ್ತದೆ. ಹಾಗಾದರೆ ಕಾಯಿ ಕಟ್ಟಿದ್ದು ಯಾರ ಪರಾಗದಿಂದ? ಗಾಳಿ ತಂದದ್ದರಿಂದ. ಪಕ್ಕದ ಮರದ್ದೋ, ಬೇಲಿಯಾಚೆಯ ತೋಟದ್ದೋ, ಯಾವನಿಗೆ ಗೊತ್ತು.

ಅಂದರೆ ನೀವು ನೋಡಿ ಬಂದ ತಾಯಿ ಮರ ಸಸಿಯ ಅರ್ಧ ಕತೆ ಮಾತ್ರ. ಇನ್ನರ್ಧ ಬರೆದ ಅಪ್ಪ ಯಾರು ಅಂತ ಮಾರುವವನಿಗೂ ಗೊತ್ತಿಲ್ಲ. ಆ ತಾಯಿ ಮರದ ಒಳಗೂ ಗುಣಗಳನ್ನು ತೀರ್ಮಾನಿಸುವ ಒಂದೊಂದು ಜೀನಿಗೂ ಎರಡೆರಡು ಪ್ರತಿ (ನಕಲು) ಇರುತ್ತವೆ. ಒಂದು ಅದರ ಅಮ್ಮನಿಂದ ಬಂದದ್ದು, ಒಂದು ಅಪ್ಪನಿಂದ. ಪ್ರತಿ ಕಾಯಿಗೂ ಆ ಎರಡರಲ್ಲಿ ಯಾವುದೋ ಒಂದು ಹೋಗುತ್ತದೆ. ಒಂದೇ ಗೊನೆಯ ಗೋಟಡಿಕೆಯನ್ನು (ಪೂರ್ತಿ ಹಣ್ಣಾದ ಅಡಿಕೆ) ಒಂದೇ ಪಾತಿಯಲ್ಲಿ ಹಾಕಿದರೂ ಸಸಿಗಳು ಒಂದರ ಹಾಗೆ ಒಂದು ಇರದಿರುವುದಕ್ಕೆ ಇದೇ ಕಾರಣ. ತಾಯಿ ಮರ ನೋಡುವುದು ದಂಡ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ತಾಯಿ ಆದರೆ ಒಳ್ಳೆಯ ಸಸಿ ಸಿಗುವ ಸಾಧ್ಯತೆ ಜಾಸ್ತಿ, ಅಷ್ಟೇ. ಅದು ಖಾತ್ರಿ ಪತ್ರ ಅಲ್ಲ. ಸುತ್ತ ರೋಗ ಹೊಡೆದ ತೋಟದ ನಡುವೆ ಒಂದು ಮರ ಹಸಿರಾಗಿ ನಿಂತಿದೆ ಅಂದರೂ ಅಷ್ಟೇ ಎಚ್ಚರ ಬೇಕು. ಅದಕ್ಕೆ ರೋಗ ತಡೆಯುವ ಗುಣವೇ ಇರಬಹುದು, ಸುಮ್ನೆ ಈ ವರ್ಷ ಬಚಾವಾದ ಮರವೂ ಇರಬಹುದು. ಬರೀ ನೋಡಿ ಹೇಳಲಾಗುವುದಿಲ್ಲ.

ಇನ್ನು ಹೈಬ್ರಿಡ್ ಗಿಡ್ಡ ತಳಿ. ತುಮಕೂರು ಬಳಿಯ ಹಿರೇಹಳ್ಳಿಯ ಗಿಡ್ಡ ಅಡಿಕೆ ತನ್ನಷ್ಟಕ್ಕೇ ಹುಟ್ಟಿದ ಕುಳ್ಳ ತಳಿ. ಮರ ಚಿಕ್ಕದು, ಆದರೆ ಇಳುವರಿಯೂ ಅಡಿಕೆಯ ಗುಣಮಟ್ಟವೂ ಅಷ್ಟಕ್ಕಷ್ಟೇ. ವಿಟ್ಲದ ಸಂಶೋಧನಾ ಕೇಂದ್ರದವರು ಅದನ್ನು ಸುಮಂಗಳ, ಮೋಹಿತ್‌ನಗರ ತಳಿಗಳ ಜೊತೆ ಕೂಡಿಸಿ ಎರಡು ಮಿಶ್ರತಳಿ ಮಾಡಿದರು. ಕೂಡಿಸುವುದು ಅಂದರೆ ಮರ ಹತ್ತಿ, ಸಿಂಗಾರದ ಗಂಡು ಹೂಗಳನ್ನೆಲ್ಲ ತೆಗೆದು, ಬೇರೆ ಪರಾಗ ಬೀಳದಂತೆ ಚೀಲ ಕಟ್ಟಿ, ಬೇಕಾದ ತಳಿಯ ಪರಾಗವನ್ನು ಕೈಯಿಂದ ಹಾಕುವುದು. ನಿಜವಾದ ಹೈಬ್ರಿಡ್ ಸಸಿಗೆ ಬೆಲೆ ಜಾಸ್ತಿ ಇರುವುದು ಸುಮ್ನೆ ಅಲ್ಲ.

ಮೋಸ ಆಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಯಾರೋ ಹೈಬ್ರಿಡ್ ತೋಟ ಮಾಡಿರುತ್ತಾರೆ. ಆ ತೋಟದಲ್ಲಿ ಬಿದ್ದ ಗೋಟು ಆಯ್ದು ಸಸಿ ಮಾಡಿ ಅದನ್ನೂ 'ಹೈಬ್ರಿಡ್' ಅಂತಲೇ ಮಾರುತ್ತಾರೆ. ತಾಯಿ ಮರ ತೋರಿಸಿ ಅಂದರೆ ಧೈರ್ಯವಾಗಿ ತೋರಿಸುತ್ತಾರೆ, ಗಿಡ್ಡ ಮರ, ಮೈತುಂಬ ಕೊನೆ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಎರಡನೇ ತಲೆಮಾರಿನಲ್ಲಿ ಗುಣಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಕೆಲವು ಸಸಿ ಅಜ್ಜನ ಹಾಗೆ ಎತ್ತರ, ಕೆಲವು ಅಜ್ಜಿಯ ಹಾಗೆ ಕುಳ್ಳು ಮತ್ತು ಬಡಕಲು, ಉಳಿದವು ನಡುವೆ ಎಲ್ಲೋ. ನಿಮಗೆ ಇದು ಗೊತ್ತಾಗುವ ಹೊತ್ತಿಗೆ ಐದಾರು ವರ್ಷ ಗೊಬ್ಬರ, ನೀರು, ಕೂಲಿ ಎಲ್ಲ ಸುರಿದಾಗಿರುತ್ತದೆ.

ಈ ಬಿಚ್ಚಿಕೊಳ್ಳುವುದನ್ನು ಲೆಕ್ಕ ಹಾಕಿ ತೋರಿಸಿದವನು ಗ್ರೆಗರ್ ಮೆಂಡೆಲ್. ಈಗಿನ ಚೆಕ್ ದೇಶದ ಬ್ರನೋ ಊರಿನ ಮಠದಲ್ಲಿ ಸನ್ಯಾಸಿ. 1856ರಿಂದ 1863ರವರೆಗೆ ಬಟಾಣಿ ಬೆಳೆದ, 1865ರಲ್ಲಿ ಫಲಿತಾಂಶ ಓದಿದ, ಮರುವರ್ಷ ಅಚ್ಚಾಯಿತು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 1884ರಲ್ಲಿ ತೀರಿಕೊಂಡ. ಅವನ ಕೆಲಸಕ್ಕೆ ಬೆಲೆ ಬಂದದ್ದು 1900ರಲ್ಲಿ.

ಅವನು ಮಾಡಿದ್ದು ಇಷ್ಟು. ದುಂಡನೆಯ ಕಾಳಿನ ಬಟಾಣಿಗೆ ಸುಕ್ಕುಗಟ್ಟಿದ ಕಾಳಿನ ಬಟಾಣಿಯನ್ನು ಕೂಡಿಸಿದ. ಬಂದ ಕಾಳೆಲ್ಲ ದುಂಡು, ಸುಕ್ಕು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ದುಂಡು ಕಾಳುಗಳನ್ನೇ ಬಿತ್ತಿ, ತಮ್ಮಷ್ಟಕ್ಕೆ ಕಾಯಿ ಕಟ್ಟಲು ಬಿಟ್ಟ. ಈ ಸಲ 5474 ದುಂಡು, 1850 ಸುಕ್ಕು. ಸುಮಾರು ಮೂರಕ್ಕೆ ಒಂದು. ಸುಕ್ಕು ಎಲ್ಲೂ ಹೋಗಿರಲಿಲ್ಲ, ದುಂಡಿನ ಹಿಂದೆ ಅಡಗಿ ಕೂತಿತ್ತು. ಎರಡೂ ಕಡೆಯಿಂದ ಸುಕ್ಕಿನ ಪ್ರತಿಯೇ ಬಂದಾಗ ಮಾತ್ರ ಹೊರಗೆ ಬಂತು.

ಯಾಕೆ ಹೀಗೆ ಅಂತ ಗೊತ್ತಾಗಲು ನೂರು ವರ್ಷದ ಮೇಲೆ ಬೇಕಾಯಿತು. ಬಟಾಣಿಯಲ್ಲಿ ಸಕ್ಕರೆಯನ್ನು ಪಿಷ್ಟ ಮಾಡುವ ಕೆಲಸಕ್ಕೆ ಒಂದು ಕಿಣ್ವ ಬೇಕು. ಅದನ್ನು ಮಾಡುವ ಜೀನ್ ಸುಕ್ಕು ಬಟಾಣಿಯಲ್ಲಿ ಕೆಟ್ಟಿದೆ. ಸಕ್ಕರೆ ಹಾಗೇ ಉಳಿದು, ಕಾಳು ನೀರು ಹೀರಿ ಉಬ್ಬಿ, ಒಣಗಿದಾಗ ಸುಕ್ಕಾಗುತ್ತದೆ. ಆದರೆ ಎರಡು ಪ್ರತಿಯಲ್ಲಿ ಒಂದು ಸರಿ ಇದ್ದರೂ ಕೆಲಸ ಸಾಗುತ್ತದೆ, ಕಾಳು ದುಂಡಗೇ ಇರುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮನುಷ್ಯರ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಬಟಾಣಿ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಭತ್ತವೂ ಬಹುಪಾಲು ಹಾಗೇ. ಕುಮಟಾದ ಮಾಣಿಕಟ್ಟಾ ಕಡೆ ಅಘನಾಶಿನಿ ಸಮುದ್ರ ಸೇರುವಲ್ಲಿ ಗಜನಿ ಗದ್ದೆಗಳಿವೆಯಲ್ಲ, ಅಲ್ಲಿ ಉಪ್ಪುನೀರು ನುಗ್ಗಿದರೂ ಬದುಕುವ ಕಗ್ಗ ಭತ್ತವನ್ನು ತಲೆಮಾರುಗಳಿಂದ ಮನೆಯ ಬೀಜದಲ್ಲೇ ಬೆಳೆದುಕೊಂಡು ಬಂದಿದ್ದಾರೆ. ಬೀಜ ಇಟ್ಟರೆ ಕಗ್ಗವೇ ಬರುತ್ತದೆ, ಯಾಕೆಂದರೆ ಎರಡೂ ಪ್ರತಿ ಒಂದೇ ಥರ ಆಗಿ ಎಷ್ಟೋ ಕಾಲ ಆಗಿದೆ, ಬಿಚ್ಚಿಕೊಳ್ಳಲು ಒಳಗೆ ಬೇರೆ ಏನೂ ಉಳಿದಿಲ್ಲ. ಭತ್ತದ ರೈತ ಬೀಜ ಕಾಪಾಡಿಕೊಂಡಷ್ಟು ಸುಲಭವಾಗಿ ಅಡಿಕೆಯವನು ತಳಿ ಕಾಪಾಡಿಕೊಳ್ಳಲು ಆಗುವುದಿಲ್ಲ. ಇದರಲ್ಲಿ ಶ್ರದ್ಧೆಯ ಪ್ರಶ್ನೆ ಇಲ್ಲ, ಹೂವಿನ ರೀತಿಯೇ ಬೇರೆ.

ಮಾವಿನದು ಮತ್ತೊಂದು ಕತೆ. ಅಪ್ಪೆಮಿಡಿಯ ಒಳ್ಳೆಯ ಮರದ ಕೆಳಗೆ ಹುಟ್ಟಿದ ಸಸಿ ಅದೇ ವಾಸನೆ, ಅದೇ ಸೊನೆ ಕೊಡುತ್ತದೆ ಅಂತ ಯಾರೂ ನಂಬುವುದಿಲ್ಲ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕಸಿ. ಕಸಿಯಲ್ಲಿ ಟೊಂಗೆಯನ್ನೇ ತಂದು ಕೂಡಿಸುವುದರಿಂದ ಜೀನುಗಳು ಕಲೆಯುವ ಪ್ರಶ್ನೆಯೇ ಇಲ್ಲ, ಮರ ಅದೇ ಮರ. 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಅಂಕೋಲಾದ ಕರಿ ಇಶಾಡು ಮಾವನ್ನೂ ಇದ್ದ ಹಾಗೇ ಉಳಿಸಿಕೊಳ್ಳಲು ನೆಚ್ಚಬೇಕಾದ್ದು ಕಸಿಯನ್ನೇ. ಆದರೆ ಪಶ್ಚಿಮ ಕರಾವಳಿಯಲ್ಲಿ ಓಲೂರು, ಬಪ್ಪಕಾಯಿ ಥರದ ಕೆಲವು ಮಾವುಗಳಿವೆ. ಅವುಗಳ ಒಂದು ಗೊರಟು ನೆಟ್ಟರೆ ಒಂದಕ್ಕಿಂತ ಜಾಸ್ತಿ ಮೊಳಕೆ ಬರುತ್ತವೆ, ಅದರಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಅಂಶದಿಂದಲೇ ಹುಟ್ಟಿದವು, ಹಾಗಾಗಿ ತಾಯಿಯ ಪಡಿಯಚ್ಚು. ಪಾಪ, ಮೆಂಡೆಲ್ ಬಟಾಣಿ ಆದಮೇಲೆ ಹಾಕ್‌ವೀಡ್ ಅನ್ನುವ ಹೂಗಿಡ ಹಿಡಿದು ಸೋತದ್ದು ಇಂಥದೇ ಕಾರಣಕ್ಕೆ. ಅದೂ ಪರಾಗ ಇಲ್ಲದೆ ಬೀಜ ಕಟ್ಟುತ್ತಿತ್ತು, ಇವನ ಲೆಕ್ಕ ಯಾವುದೂ ತಾಳೆ ಆಗಲಿಲ್ಲ.

ಸರಿ, ಮನುಷ್ಯರ ಕಡೆ ಬರೋಣ. ನಮ್ಮಲ್ಲಿ ಜೀನುಗಳನ್ನು ಹೊತ್ತ ಕ್ರೋಮೋಸೋಮ್ 23 ಜೊತೆ, ಅಮ್ಮನಿಂದ 23, ಅಪ್ಪನಿಂದ 23. ಅಡಗಿ ಕೂರುವ ಆಟ ಇಲ್ಲೂ ಇದೆ. ಅಪ್ಪ ಎ ಗುಂಪು, ಅಮ್ಮ ಬಿ ಗುಂಪು, ಮಗು ಓ ಗುಂಪು. ಇಷ್ಟಕ್ಕೇ ಕೆಲವು ಮನೆಗಳಲ್ಲಿ ಸಂಶಯ ಎದ್ದು ಜಗಳ ಆದದ್ದಿದೆ. ಇಬ್ಬರೊಳಗೂ ಓ ಪ್ರತಿ ಒಂದೊಂದು ಅಡಗಿದ್ದರೆ ಓ ಮಗು ಹುಟ್ಟುವುದು ಪೂರ್ತಿ ಸಹಜ. 1952ರಲ್ಲಿ ಮುಂಬೈನಲ್ಲಿ ಭೇಂಡೆ ಮತ್ತು ಜೊತೆಗಾರರು ಗುರುತಿಸಿದ 'ಬಾಂಬೆ ರಕ್ತದ ಗುಂಪು' ಇನ್ನೂ ವಿಚಿತ್ರ. ಒಳಗೆ ಎ ಅಥವಾ ಬಿ ಜೀನ್ ಇದ್ದರೂ ಅದಕ್ಕೆ ತಳಪಾಯವಾಗಬೇಕಾದ ಇನ್ನೊಂದು ಜೀನಿನ ಎರಡೂ ಪ್ರತಿ ಕೆಟ್ಟಿರುವುದರಿಂದ ಪರೀಕ್ಷೆಯಲ್ಲಿ ಓ ಅಂತ ಕಾಣುತ್ತದೆ. ಆದರೆ ಅವರಿಗೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಇನ್ನು ಹೆಣ್ಣು ಹೆತ್ತಳು ಅಂತ ಸೊಸೆಯನ್ನು ಬೈಯುವವರ ವಿಷಯ ಎರಡು ಮಾತಲ್ಲಿ ಮುಗಿಯುತ್ತದೆ. ಅಮ್ಮ ಕೊಡುವುದು ಯಾವಾಗಲೂ ಎಕ್ಸ್. ಎಕ್ಸ್ ಅಥವಾ ವೈ ಬರುವುದು ಅಪ್ಪನಿಂದ, ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು.

ಈಗ ಸಿಕಲ್ ಸೆಲ್. ಹಿಮೋಗ್ಲೋಬಿನ್‌ನ ಒಂದು ಭಾಗ ಮಾಡುವ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಎರಡೂ ಪ್ರತಿ ಹಾಗಿದ್ದರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡು ವಿಪರೀತ ನೋವು ಕೊಡುತ್ತದೆ. 120 ದಿನ ಬದುಕಬೇಕಾದ ಕಣ ಹತ್ತಿಪ್ಪತ್ತು ದಿನದಲ್ಲೇ ಒಡೆಯುತ್ತದೆ. ಒಂದು ಪ್ರತಿ ಮಾತ್ರ ಹಾಗಿದ್ದರೆ? ಬಟಾಣಿಯಲ್ಲಿ ಆದದ್ದೇ. ಇನ್ನೊಂದು ಪ್ರತಿ ಕೆಲಸ ನಡೆಸುತ್ತದೆ. ಆ ಮನುಷ್ಯ ಗದ್ದೆ ಉಳುತ್ತಾನೆ, ಕಾಡಿಗೆ ಹೋಗುತ್ತಾನೆ, ಮರ ಹತ್ತುತ್ತಾನೆ. ಅವನು ವಾಹಕ, ರೋಗಿ ಅಲ್ಲ.

ಪರೀಕ್ಷೆ ಹೇಗೆ ಅಂತಲೂ ನೋಡಿ. ಒಂದು ಹನಿ ರಕ್ತವನ್ನು ದ್ರಾವಣ ಇರುವ ಗಾಜಿನ ನಳಿಕೆಗೆ ಹಾಕಿ ಕೆಲವು ನಿಮಿಷ ಬಿಡುತ್ತಾರೆ. ನಳಿಕೆಯ ಹಿಂದೆ ಕಪ್ಪು ಗೆರೆ ಎಳೆದ ಕಾರ್ಡು ಹಿಡಿಯುತ್ತಾರೆ. ದ್ರಾವಣದ ಮೂಲಕ ಗೆರೆ ಸ್ಪಷ್ಟ ಕಂಡರೆ ತೊಂದರೆ ಇಲ್ಲ. ದ್ರಾವಣ ಕದಡಿ ಗೆರೆ ಕಾಣದೆ ಹೋದರೆ ಸಿಕಲ್ ಹಿಮೋಗ್ಲೋಬಿನ್ ಇದೆ ಅಂತ. ಆದರೆ ಒಂದು ಪ್ರತಿ ಇದ್ದವನದೂ ಕದಡುತ್ತದೆ, ಎರಡು ಪ್ರತಿ ಇದ್ದವನದೂ ಕದಡುತ್ತದೆ. ಯಾವುದು ಅಂತ ತಿಳಿಯಲು ಎಚ್‌ಪಿಎಲ್‌ಸಿ ಅನ್ನುವ, ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎರಡನೇ ಪರೀಕ್ಷೆ ಆಗಲೇಬೇಕು. ಮೊದಲನೆಯದನ್ನೇ ನಂಬಿ ಊರಲ್ಲಿ ಸುದ್ದಿ ಹಬ್ಬಿಸುವುದು ಶುದ್ಧ ಅನ್ಯಾಯ.

ವಾಹಕರು ಮದುವೆ ಆಗಬಾರದಾ? ಖಂಡಿತ ಆಗಬಹುದು. ವಾಹಕರಲ್ಲದವರನ್ನು ಮದುವೆಯಾದರೆ ಮಕ್ಕಳಲ್ಲಿ ಯಾರಿಗೂ ರೋಗ ಬರುವುದಿಲ್ಲ, ಪ್ರತಿ ಮಗುವೂ ವಾಹಕ ಆಗುವ ಸಾಧ್ಯತೆ ಅರ್ಧ, ಅಷ್ಟೇ. ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನೂರಕ್ಕೆ 25. ಈ 25ನ್ನು ಜನ ಸಾಮಾನ್ಯವಾಗಿ ತಪ್ಪು ತಿಳಿದುಕೊಳ್ಳುತ್ತಾರೆ. ಮೊದಲ ಮಗುವಿಗೆ ರೋಗ ಬಂತು, ಇನ್ನು ಮೂರಕ್ಕೆ ತೊಂದರೆ ಇಲ್ಲ ಅಂದುಕೊಳ್ಳುವುದು. ಹಾಗಲ್ಲ. ನಾಲ್ಕು ಚೀಟಿ ಇಟ್ಟು ಒಂದು ಎತ್ತಿ, ನೋಡಿ, ಮತ್ತೆ ಡಬ್ಬಿಗೇ ಹಾಕಿ ಕಲೆಸಿದ ಹಾಗೆ ಇದು. ಪ್ರತಿ ಬಸಿರಿನಲ್ಲೂ ನಾಲ್ಕೂ ಚೀಟಿ ಡಬ್ಬಿಯಲ್ಲೇ ಇರುತ್ತವೆ. ಮೂರು ಮಕ್ಕಳಿಗೂ ರೋಗ ಬಂದ ಮನೆ ಇರಬಹುದು, ಐದರಲ್ಲಿ ಒಂದಕ್ಕೂ ಬರದ ಮನೆಯೂ ಇರಬಹುದು.

ನಮ್ಮ ಜಿಲ್ಲೆಯಲ್ಲಿ ಸಿಕಲ್ ಸೆಲ್ ಅಂದ ಕೂಡಲೇ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಕಡೆ ಬೆರಳು ತೋರಿಸುವವರಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು, ಪೂರ್ವಜರು ಆಫ್ರಿಕಾದಿಂದ ಬಂದವರು, ಹಾಗಾಗಿ ಇದು 'ಅವರ' ರೋಗ ಅನ್ನುವ ತರ್ಕ. ತರ್ಕ ಕುಂಟುತ್ತದೆ. ಭಾರತದಲ್ಲಿ ಇದು ಮೊದಲು ವರದಿ ಆದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಮಧ್ಯ ಭಾರತದ ಗೊಂಡರು, ಭಿಲ್ಲರಲ್ಲೂ ಇದೆ. ಅಲ್ಲಿಯ ಜೀನಿನ ಅಕ್ಕಪಕ್ಕದ ಗುರುತು ನೋಡಿದರೆ ಅದು ಆಫ್ರಿಕಾದ್ದಕ್ಕಿಂತ ಬೇರೆ ಥರದ್ದು. ಜಾತಿ, ಬಣ್ಣಕ್ಕಿಂತ ಮಲೇರಿಯಾ ಎಲ್ಲಿತ್ತು ಅನ್ನುವುದು ಇಲ್ಲಿ ಮುಖ್ಯ. ವಾಹಕರಿಗೆ ಮಾರಕ ಮಲೇರಿಯಾದಿಂದ ತಕ್ಕಮಟ್ಟಿನ ರಕ್ಷಣೆ ಇದೆ ಅಂತ ಆಂಟನಿ ಆಲಿಸನ್ 1954ರಲ್ಲಿ ತೋರಿಸಿದರು. ಚಳಿಜ್ವರಕ್ಕೆ ಮಕ್ಕಳು ಸಾಯುತ್ತಿದ್ದ ಕಾಡುಸೀಮೆಗಳಲ್ಲಿ ಒಂದು ಪ್ರತಿ ಇದ್ದವರು ಬದುಕಿ ಉಳಿದರು, ಜೀನೂ ಅವರ ಜೊತೆ ಉಳಿಯಿತು. ನಮ್ಮ ಘಟ್ಟದ ಸೀಮೆಯೂ ಚಳಿಜ್ವರಕ್ಕೆ ಹೆಸರಾದದ್ದೇ, ಅಲ್ವಾ.

ಜಾತಕ ನೋಡುವ ಮನೆಗಳಲ್ಲಿ ಗೋತ್ರ ಬೇರೆ ಇದ್ದರೆ ರಕ್ತ ಬೇರೆ ಅಂತ ಒಂದು ನಂಬಿಕೆ. ಗೋತ್ರ ಹಿಡಿಯುವುದು ಅಪ್ಪನ ಅಪ್ಪನ ಅಪ್ಪನ ಒಂದೇ ಎಳೆಯನ್ನು. ಸೋದರಮಾವನ ಮಗಳ ಗೋತ್ರ ಬೇರೆಯೇ, ಆದರೆ ಇಬ್ಬರಿಗೂ ಒಂದು ಜೊತೆ ಅಜ್ಜ ಅಜ್ಜಿ ಒಬ್ಬರೇ, ಜೀನುಗಳಲ್ಲಿ ಎಂಟರಲ್ಲಿ ಒಂದು ಪಾಲು ಹಂಚಿಕೊಂಡಿರುತ್ತಾರೆ. ಹತ್ತು ತಲೆಮಾರು ದೂರದ ಸಗೋತ್ರದವರಲ್ಲಿ ಅಷ್ಟು ಪಾಲು ಇರುವುದೇ ಇಲ್ಲ. ಲೆಕ್ಕವನ್ನೇ ನೋಡಿ. ನೂರರಲ್ಲಿ ಒಬ್ಬ ವಾಹಕ ಇರುವ ಯಾವುದೋ ಅಪರೂಪದ ರೋಗ ಅಂದುಕೊಳ್ಳಿ. ಸಂಬಂಧ ಇಲ್ಲದವರ ಮದುವೆಯಲ್ಲಿ 40,000 ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಸೋದರತ್ತೆ, ಸೋದರಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು 3,000ಕ್ಕೆ ಒಂದು. ಮಾವನೇ ಅಕ್ಕನ ಮಗಳನ್ನು ಮದುವೆಯಾದರೆ ಸುಮಾರು 1,500ಕ್ಕೆ ಒಂದು. ಆಗಲೂ ಹೆಚ್ಚಿನ ಮಕ್ಕಳು ಆರೋಗ್ಯವಾಗೇ ಹುಟ್ಟುತ್ತಾರೆ, ಅದಕ್ಕೇ 'ನಮ್ಮ ಅಜ್ಜ ಅಜ್ಜಿ ಹಾಗೇ ಆದವರು, ಏನಾಯ್ತು' ಅಂತ ಕೇಳುವವರ ಮಾತೂ ಸುಳ್ಳಲ್ಲ. ಆದರೆ ಹತ್ತಿರದ ಸಂಬಂಧದಲ್ಲಿ ಮದುವೆ ಮಾಡುವ ರಾಜ್ಯಗಳಲ್ಲಿ ನಾವು ಮುಂಚೂಣಿಯಲ್ಲಿದ್ದೇವೆ. ಮನೆಯಲ್ಲಿ ಮೊದಲೇ ರೋಗ ಕಂಡಿದ್ದರೆ ಜಾತಕದ ಜೊತೆ ರಕ್ತಪರೀಕ್ಷೆಯ ಚೀಟಿಯೂ ಕೈ ಬದಲಾಗಲಿ ಅಂತ ಹೇಳುವುದರಲ್ಲಿ ನನಗೆ ಸಂಕೋಚ ಇಲ್ಲ. ಪರೀಕ್ಷೆ ಹುಡುಗಿಗೊಬ್ಬಳಿಗೇ ಅಲ್ಲ, ಇಬ್ಬರಿಗೂ.

ಎಲ್ಲವೂ ಮೂರಕ್ಕೊಂದರ ಲೆಕ್ಕದಲ್ಲಿ ಕೂರುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಎತ್ತರ, ಮೈಬಣ್ಣ, ಸಕ್ಕರೆ ಕಾಯಿಲೆ, ಅಡಿಕೆಯ ಇಳುವರಿ, ಇವಕ್ಕೆಲ್ಲ ನೂರಾರು ಜೀನುಗಳ ಸಣ್ಣಸಣ್ಣ ಪಾಲು ಇದೆ, ಅದರ ಮೇಲೆ ಮಣ್ಣು, ಊಟ, ದುಡಿಮೆ. 'ಸಕ್ಕರೆ ಕಾಯಿಲೆ ನಮ್ಮ ಮನೆತನದ್ದೇ' ಅಂತ ಕೈಚೆಲ್ಲಿ ಎರಡನೇ ಹೋಳಿಗೆಗೆ ಎಲೆ ಒಡ್ಡುವವರು ಜೀನಿನ ಮೇಲೆ ಸ್ವಲ್ಪ ಜಾಸ್ತಿಯೇ ಭಾರ ಹಾಕುತ್ತಿದ್ದಾರೆ.

ಈಗ ಜೀನನ್ನೇ ತಿದ್ದುವ ಕಾಲ ಬಂದಿದೆ. 2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಅದರಲ್ಲಿ ಪೂಸಾ ಡಿಎಸ್‌ಟಿ ರೈಸ್ 1 ಅನ್ನುವುದು ಬರ ಮತ್ತು ಉಪ್ಪು ತಡೆಯಲು ಮಾಡಿದ್ದು. ಗಜನಿಯ ಕಗ್ಗದ ಜಾಗಕ್ಕೆ ಅದು ಬರುತ್ತದಾ ಅಂತ ಕೇಳುವವರಿಗೆ ನನ್ನ ಉತ್ತರ: ಕಗ್ಗ ಬರೀ ಉಪ್ಪು ತಡೆಯುವುದಿಲ್ಲ, ನೆರೆಯಲ್ಲಿ ಮುಳುಗಿದರೂ ತಡೆದುಕೊಳ್ಳುತ್ತದೆ. ಒಂದು ಜೀನ್ ತಿದ್ದಿದ ಮಾತ್ರಕ್ಕೆ ಅಷ್ಟೂ ಗುಣ ಬಂದುಬಿಡುವುದಿಲ್ಲ. ಆದರೆ ತಿದ್ದಿದ್ದು ಬೀಜದಲ್ಲೇ ಇದೆ, ಭತ್ತವೂ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಹಾಗಾಗಿ ಆ ತಿದ್ದುಪಡಿ ಮುಂದಿನ ಬೆಳೆಗೂ ಹೋಗುತ್ತದೆ.

ಮನುಷ್ಯರಲ್ಲಿ ಹಾಗಲ್ಲ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಸಿಕಲ್ ಸೆಲ್‌ಗೆ ಕ್ಯಾಸ್ಜೆವಿ ಅನ್ನುವ ಜೀನ್ ತಿದ್ದುವ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಆದರೆ ಅಲ್ಲಿ ತಿದ್ದುವುದು ರೋಗಿಯ ರಕ್ತ ಹುಟ್ಟಿಸುವ ಕಣಗಳನ್ನು ಮಾತ್ರ, ಅಂಡಾಣು ವೀರ್ಯಾಣುಗಳನ್ನಲ್ಲ. ಅಂದರೆ ಚಿಕಿತ್ಸೆಯಿಂದ ಪೂರ್ತಿ ಗುಣವಾದ ಹುಡುಗನೂ ತನ್ನ ಪ್ರತಿ ಮಗುವಿಗೆ ಆ ಹಳೆಯ ಸಿಕಲ್ ಪ್ರತಿಯನ್ನೇ ಕೊಡುತ್ತಾನೆ, ಕೊಡಲು ಅವನ ಹತ್ತಿರ ಬೇರೆ ಇಲ್ಲ. ಮಗುವಿಗೆ ರೋಗ ಬರುತ್ತದೋ ಇಲ್ಲವೋ ಅನ್ನುವುದು ಆಗಲೂ ಹುಡುಗಿಯ ಕಡೆಯಿಂದ ಬರುವ ಇನ್ನೊಂದು ಪ್ರತಿಯ ಮೇಲೆ ನಿಂತಿದೆ. ಅದನ್ನು ಮದುವೆಗೆ ಮೊದಲೇ ತಿಳಿಯಲು ಬೇಕಾದ್ದು ಸ್ವಲ್ಪ ರಕ್ತ ಮತ್ತು ಆ ಎಚ್‌ಪಿಎಲ್‌ಸಿ ವರದಿ.